ಉಪ್ಪು ಇಳಿದ ಕಡವು: ಎರಡು ಹೊಳೆಗಳ ನಡುವಿನ ಉಪ್ಪಿನಂಗಡಿ



ಪುತ್ತೂರಿನಿಂದ ಉಪ್ಪಿನಂಗಡಿಗೆ ಬಸ್ಸಿನಲ್ಲಿ ಹೋಗದವರು ನಮ್ಮಲ್ಲಿ ಬಹಳ ಕಡಿಮೆ. ಹದಿಮೂರು ಕಿಲೋಮೀಟರ್‌ಗಳ ದಾರಿ. ನೆಕ್ಕಿಲಾಡಿ ದಾಟಿ ಸೇತುವೆ ಏರಿದಾಗ ಕೆಳಗೆ ಹರಿಯುವುದು ಕುಮಾರಧಾರಾ. ಊರಿನ ಇನ್ನೊಂದು ಬದಿಯಿಂದ ಬೆಳ್ತಂಗಡಿ ಕಡೆಗೆ ಹೊರಟರೆ ಎದುರಾಗುವುದು ನೇತ್ರಾವತಿ. ಎರಡು ಹೊಳೆಗಳು ಊರಿನ ಪಕ್ಕದಲ್ಲೇ ಒಂದಾಗಿ, ನೇತ್ರಾವತಿ ಎಂಬ ಒಂದೇ ಹೆಸರಿನಲ್ಲಿ ಬಂಟ್ವಾಳ, ಪಾಣೆಮಂಗಳೂರು, ಫರಂಗಿಪೇಟೆಗಳನ್ನು ದಾಟಿ ಮಂಗಳೂರಿನ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತವೆ.

ಈ ದಾರಿಯಲ್ಲಿ ನೂರಾರು ಸಲ ಓಡಾಡಿದ ನಾವು ಒಂದು ಪ್ರಶ್ನೆಯನ್ನು ನಮಗೇ ಕೇಳಿಕೊಂಡಿದ್ದೇವೆಯೇ? ಸಮುದ್ರದಿಂದ ಇಷ್ಟು ದೂರದ, ಘಟ್ಟದ ಬುಡದ ಈ ಊರಿಗೆ ಉಪ್ಪಿನ ಹೆಸರು ಹೇಗೆ ಬಂತು? ಇಲ್ಲಿ ಉಪ್ಪು ಬೆಳೆಯುವ ಗದ್ದೆಗಳಿಲ್ಲ. ತುಳುವಿನಲ್ಲಿ ಈ ಊರನ್ನು ಇಂದಿಗೂ 'ಉಬಾರ್' ಎಂದೇ ಕರೆಯುತ್ತಾರೆ. ಆದರೆ ಕನ್ನಡದ ಹೆಸರು ಮಾತ್ರ ಉಪ್ಪಿನ ಅಂಗಡಿ. ಆ ಒಂದು ಹೆಸರಿನಲ್ಲೇ ಊರಿನ ಅರ್ಧ ಚರಿತ್ರೆ ಅಡಗಿದೆ.

ದೋಣಿಯಿಂದ ಹೇರೆತ್ತಿನ ಬೆನ್ನಿಗೆ

'ಉಪ್ಪಿಗಿಂತ ರುಚಿಯಿಲ್ಲ' ಎಂಬ ಗಾದೆಗೆ ನಾವೆಲ್ಲ ಶಾಲೆಯಲ್ಲಿ ವಿವರಣೆ ಬರೆದವರೇ. ಹಿಂದಿನ ಕಾಲದ ಜನರಿಗೆ ಆ ಗಾದೆಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಘಟ್ಟದ ಬುಡದ ಕೃಷಿಕನ ಮನೆಯಲ್ಲಿ ಭತ್ತವಿತ್ತು, ತೆಂಗು ಅಡಿಕೆಗಳಿದ್ದವು, ಕಾಳುಮೆಣಸಿತ್ತು. ಅವನು ಎಷ್ಟೇ ದುಡಿದರೂ ತನ್ನ ಜಾಗದಲ್ಲಿ ಬೆಳೆಯಲಾರದ ಒಂದು ವಸ್ತುವೆಂದರೆ ಉಪ್ಪು. ಅನ್ನಕ್ಕೆ ಉಪ್ಪು ಬೇಕು, ಮಳೆಗಾಲಕ್ಕೆ ಒಣಮೀನು ಕೆಡದಿರಲು ಉಪ್ಪು ಬೇಕು, ಭರಣಿಯಲ್ಲಿ ಹಾಕಿಟ್ಟ ಮಾವಿನಮಿಡಿಗೆ ಉಪ್ಪು ಬೇಕು, ಕೊಟ್ಟಿಗೆಯ ಜಾನುವಾರುಗಳಿಗೂ ಬೇಕು. ಆದ್ದರಿಂದ ಕರಾವಳಿಯಿಂದ ಒಳನಾಡಿಗೆ ಮೊದಲು ತೆರೆದುಕೊಂಡ ದಾರಿಗಳಲ್ಲಿ ಉಪ್ಪಿನ ದಾರಿಯೂ ಒಂದು ಎಂದರೆ ತಪ್ಪಾಗಲಾರದು.

ಊರಿನ ಹೆಸರಿನ ಬಗ್ಗೆ ಹಿಂದಿನಿಂದಲೂ ಹೇಳಿಕೊಂಡು ಬಂದ ವಿವರಣೆ ಹೀಗಿದೆ. ಮಂಗಳೂರು ಕಡೆಯಿಂದ ದೋಣಿಗಳಲ್ಲಿ ಉಪ್ಪು ನೇತ್ರಾವತಿಯಲ್ಲಿ ಮೇಲಕ್ಕೆ ಬರುತ್ತಿತ್ತು. ದೊಡ್ಡ ಸರಕುಗಳಿಗೆ ಬಂಟ್ವಾಳವೇ ಮುಖ್ಯ ಪೇಟೆ. ಅಲ್ಲಿಂದಲೂ ಮೇಲಕ್ಕೆ ಬಂದ ಸಣ್ಣ ದೋಣಿಗಳು ಎರಡು ಹೊಳೆಗಳು ಕೂಡುವ ಈ ಸ್ಥಳದಲ್ಲಿ ಸರಕು ಇಳಿಸುತ್ತಿದ್ದವು. ಇಲ್ಲಿಂದ ಮುಂದೆ ಹೊಳೆಯಲ್ಲಿ ಬಂಡೆಗಳು, ರಭಸ, ಏರು. ಹೊರೆ ನೀರಿನಿಂದ ನೆಲಕ್ಕೆ ಇಳಿಯಲೇಬೇಕು. ಇಳಿದ ಉಪ್ಪನ್ನು ಹೇರೆತ್ತುಗಳ ಬೆನ್ನಿಗೆ ಹೇರಿ ಘಟ್ಟ ಹತ್ತಿಸುತ್ತಿದ್ದರು. ಅಲ್ಲಿಂದ ಇಳಿಯುವಾಗ ಎತ್ತುಗಳು ಬರಿಗೈಯಲ್ಲಿ ಬರುತ್ತಿರಲಿಲ್ಲ, ಘಟ್ಟದ ಮೇಲಿನ ಧಾನ್ಯ, ಮಲೆನಾಡಿನ ಸರಕು ಕೆಳಗೆ ಬರುತ್ತಿತ್ತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಪೇಟೆ ಹುಟ್ಟುವುದು ಹೆಚ್ಚಾಗಿ ಹೊರೆ ಬದಲಾಗುವ ಸ್ಥಳದಲ್ಲಿ. ದೋಣಿಯವನು ಎತ್ತಿನವನಿಗಾಗಿ ಕಾಯಬೇಕು, ಎತ್ತಿನವನು ದೋಣಿಗಾಗಿ ಕಾಯಬೇಕು. ಕಾಯುವವರಿಗೆ ಊಟ ಬೇಕು, ಮಲಗಲು ಜಗಲಿ ಬೇಕು, ಸರಕಿಡಲು ಮಾಡು ಬೇಕು, ಲೆಕ್ಕ ಬರೆಯುವವನು ಬೇಕು, ಪ್ರಾರ್ಥನೆಗೆ ಸ್ಥಳ ಬೇಕು. ಹೀಗೆ ನಾಲ್ಕು ಅಂಗಡಿಗಳು ಸೇರಿದರೆ ಅದೇ ಒಂದು ಊರು. ಸಂಗಮದ ದಡದಲ್ಲಿರುವ ಸಹಸ್ರಲಿಂಗೇಶ್ವರ ದೇವಸ್ಥಾನ, ಪೇಟೆಯಲ್ಲಿ ಮಾಲಿಕ್ ದೀನಾರ್ ಅವರ ಹೆಸರನ್ನು ಹೊತ್ತ ಜುಮಾ ಮಸೀದಿ ಎರಡೂ ಈ ಹೊಳೆದಾರಿಯ ಊರಿನ ಗುರುತುಗಳು. 'ಬ್ಯಾರಿ' ಎಂಬ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹೊಳೆಯ ಕಡವುಗಳಲ್ಲಿ, ಸಂತೆಗಳಲ್ಲಿ, ತಲೆಹೊರೆಯಲ್ಲಿ ಸರಕು ಸಾಗಿಸಿದ ಹಿರಿಯರ ಬೆವರು ಆ ಹೆಸರಿನ ಹಿಂದೆ ಇದೆ.

ಒಂದು ಹಿಡಿ ಉಪ್ಪು, ಒಂದು ದಂಗೆ

ಉಪ್ಪು ವ್ಯಾಪಾರದ ವಸ್ತು ಮಾತ್ರವಾಗಿ ಉಳಿಯಲಿಲ್ಲ. 1799ರಲ್ಲಿ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದೆ ಉಪ್ಪು ಮತ್ತು ಹೊಗೆಸೊಪ್ಪಿನ ಮಾರಾಟವನ್ನು ಕಂಪನಿಯು ತನ್ನ ಏಕಸ್ವಾಮ್ಯಕ್ಕೆ ಒಳಪಡಿಸಿತು. 1834ರಲ್ಲಿ ಕೊಡಗಿನ ರಾಜ್ಯವನ್ನು ವಶಪಡಿಸಿಕೊಂಡ ಬ್ರಿಟಿಷರು ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ತನಕ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಹಣ ಹೊಂದಿಸಬೇಕಾಯಿತು. ಬೆಳೆಯನ್ನು ಕಡಿಮೆ ಬೆಲೆಗೆ ಮಾರಿ ಕಂದಾಯ ಕಟ್ಟುವುದು ಒಂದು ಕಷ್ಟವಾದರೆ, ಉಪ್ಪಿಗೆ ಸರಕಾರ ಹೇಳಿದ ಬೆಲೆ ತೆರುವುದು ಇನ್ನೊಂದು ಕಷ್ಟ.

1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಪೂಮಲೆಯಿಂದ ಹೊರಟ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡಿತು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತಿದ್ದರು. ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ ದಂಡಿನ ನಾಯಕನಾಗಿದ್ದ. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ದಾರಿಯಾಗಿ ಸಾಗಿದ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಸೇರಿ, ಬಾವುಟಗುಡ್ಡೆಯಲ್ಲಿ ತನ್ನ ಧ್ವಜ ಹಾರಿಸಿ, ಹದಿಮೂರು ದಿನ ಆ ಪಟ್ಟಣವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತು. ಬಳಿಕ ಹೊರಗಿನಿಂದ ಸೈನ್ಯ ತರಿಸಿದ ಬ್ರಿಟಿಷರು ದಂಗೆಯನ್ನು ಹತ್ತಿಕ್ಕಿದರು. ನಾಯಕರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಜನ ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ನೆನಪಿಟ್ಟುಕೊಂಡರು. 1857ಕ್ಕೆ ಇನ್ನೂ ಇಪ್ಪತ್ತು ವರ್ಷಗಳಿದ್ದವು ಎಂಬುದನ್ನು ಮರೆಯಬಾರದು.

1930ರಲ್ಲಿ ಗಾಂಧೀಜಿಯವರು ದಂಡಿಯಲ್ಲಿ ಉಪ್ಪು ಹೆಕ್ಕಿದಾಗ, ನಮ್ಮ ಕರಾವಳಿಯ ಅಂಕೋಲೆಯಲ್ಲಿ ಅದೇ ಏಪ್ರಿಲ್ 13ರಂದು ಜನ ಉಪ್ಪಿನ ಕಾಯಿದೆ ಮುರಿದಾಗ, ಬಡವನ ಅಡುಗೆಮನೆಯ ಆ ಹಿಡಿ ಉಪ್ಪಿನ ಪ್ರಶ್ನೆಯೇ ಮತ್ತೆ ಎದ್ದು ನಿಂತಿತು. ಉಪ್ಪಿನಂಗಡಿ ಎಂಬ ಹೆಸರನ್ನು ಓದುವಾಗ ಇದೂ ನಮ್ಮ ನೆನಪಿಗೆ ಬರಬೇಕು.

ಹೆಸರು ಇಲ್ಲಿ, ಕಚೇರಿ ಅಲ್ಲಿ

ಹಳೆಯ ಸರಕಾರಿ ದಾಖಲೆಗಳನ್ನು ತೆರೆದರೆ ಪುತ್ತೂರು ತಾಲೂಕು ಎಂಬ ಹೆಸರು ಕಾಣುವುದಿಲ್ಲ. 1862ರಲ್ಲಿ ಕೆನರಾ ಎರಡು ಭಾಗವಾಗಿ, ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯದಲ್ಲಿ ಉಳಿಯಿತು. ಅಂದಿನ ಜಿಲ್ಲೆಯಲ್ಲಿ ಘಟ್ಟದ ಬುಡದ ಈ ವಿಶಾಲ ಪ್ರದೇಶಕ್ಕೆ ಉಪ್ಪಿನಂಗಡಿ ತಾಲೂಕು ಎಂದೇ ಹೆಸರು. ಇಂದಿನ ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಡಬಗಳ ನೆಲ ಬಹುಪಾಲು ಅದರೊಳಗೇ ಇತ್ತು. ವಿಚಿತ್ರವೆಂದರೆ ತಾಲೂಕಿಗೆ ಹೆಸರು ಉಪ್ಪಿನಂಗಡಿಯದ್ದಾದರೂ ಕಚೇರಿ ಇದ್ದದ್ದು ಪುತ್ತೂರಿನಲ್ಲಿ. 20ನೆಯ ಶತಮಾನದಲ್ಲಿ ಬೆಳ್ತಂಗಡಿ ಬೇರೆಯಾಯಿತು, ತಾಲೂಕಿನ ಹೆಸರೂ ಪುತ್ತೂರಾಯಿತು. 1960ರ ದಶಕದಲ್ಲಿ ಸುಳ್ಯ ತಾಲೂಕು ರೂಪುಗೊಂಡಿತು. 2010ರ ದಶಕದ ಕೊನೆಯ ವರ್ಷಗಳಲ್ಲಿ ಕಡಬವೂ ತಾಲೂಕಾಯಿತು. ತನ್ನ ಹೆಸರಿನಿಂದ ಇಷ್ಟು ತಾಲೂಕುಗಳನ್ನು ಹೆತ್ತ ಊರು ಮಾತ್ರ ತಾಲೂಕು ಕೇಂದ್ರವಾಗಲಿಲ್ಲ.

ದಾರಿಗಳೂ ಬದಲಾದವು. ಘಟ್ಟಕ್ಕೆ ಬಂಡಿ ರಸ್ತೆಗಳಾದವು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಬಳಿಕ ಮೋಟಾರು ಲಾರಿಗಳು ಬಂದವು. ದೋಣಿ ನಿಧಾನವಾಗಿ ಕಡವು ದಾಟಿಸುವ ಕೆಲಸಕ್ಕಷ್ಟೇ ಸೀಮಿತವಾಯಿತು, ಸೇತುವೆಗಳಾದ ಮೇಲೆ ಅದೂ ಇಲ್ಲವಾಗುತ್ತ ಬಂತು. 1979ರಲ್ಲಿ ಮಂಗಳೂರು-ಹಾಸನ ರೈಲುಮಾರ್ಗ ಪೂರ್ಣಗೊಂಡಾಗ ಪುತ್ತೂರಿಗೆ ರೈಲು ದೊರೆಯಿತು, ಹಳಿಗಳು ಉಪ್ಪಿನಂಗಡಿ ಪೇಟೆಯನ್ನು ಮುಟ್ಟಲಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1986ರಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕಲೇಟು ಕಾರ್ಖಾನೆ ಬಂದವು. ಪಯಸ್ವಿನಿಯ ದಡದ ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ 1976ರಲ್ಲಿ ಕಾಲೇಜು ಆರಂಭವಾಗಿ, ಆ ಸಣ್ಣ ಪೇಟೆ ವಿದ್ಯಾಕೇಂದ್ರವಾಗಿ ಬೆಳೆಯಿತು.

ಹಾಗಾದರೆ ಉಪ್ಪಿನಂಗಡಿ ಉಳಿದದ್ದು ಹೇಗೆ? ಮತ್ತೆ ಹೊರೆ ಬದಲಾಗುವ ಸ್ಥಳವಾಗಿಯೇ. ಶಿರಾಡಿ ಘಾಟಿಯ ಮೂಲಕ ಮಂಗಳೂರು-ಬೆಂಗಳೂರು ಹೆದ್ದಾರಿ ಊರಿನ ಮಧ್ಯೆ ಹಾದುಹೋಯಿತು. ಪುತ್ತೂರು, ಬೆಳ್ತಂಗಡಿ, ಕಡಬ, ಸುಬ್ರಹ್ಮಣ್ಯಗಳಿಗೆ ಹೋಗುವವರು ಇಲ್ಲಿ ಬಸ್ಸು ಬದಲಾಯಿಸತೊಡಗಿದರು. ಅಂದು ಕಡವಿನಲ್ಲಿ ಎತ್ತಿನವನು ಕಾದಂತೆ ಇಂದು ಪ್ರಯಾಣಿಕ ಬಸ್ಸು ನಿಲ್ದಾಣದಲ್ಲಿ ಕಾಯುತ್ತಾನೆ. ಕಾಯುವವರಿಗೆ ಚಹಾ ಕೊಡುವ ಅಂಗಡಿ ಇಂದೂ ಇದೆ.

ದೂರದ ಒಂದು ಹೊಳೆದಡ

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಕೆನಡಾ ದೇಶದ ಮಾಂಟ್ರಿಯಲ್ ನಗರವನ್ನು ನೋಡಿ. ಸೇಂಟ್ ಲಾರೆನ್ಸ್ ಮಹಾನದಿಯಲ್ಲಿ ಮೇಲಕ್ಕೆ ಬಂದ ಹಡಗುಗಳನ್ನು ಲಾಶೀನ್ ಎಂಬಲ್ಲಿನ ರಭಸದ ಬಂಡೆನೀರು ತಡೆಯುತ್ತಿತ್ತು. ಸರಕು ಇಳಿಸಲೇಬೇಕಾದ ಆ ಜಾಗದ ಬಳಿ 1642ರಲ್ಲಿ ಒಂದು ಸಣ್ಣ ನೆಲೆ ಹುಟ್ಟಿತು, ಅದೇ ಬೆಳೆದು ಮಹಾನಗರವಾಯಿತು. 1825ರಲ್ಲಿ ಬಂಡೆನೀರನ್ನು ಬಳಸಿ ಹೋಗುವ ಕಾಲುವೆ ತೋಡಿದರು. ಅದರ ದಡದಲ್ಲಿ ಕಾರ್ಖಾನೆಗಳು ಎದ್ದವು. 1959ರಲ್ಲಿ ದೊಡ್ಡ ಹಡಗುಗಳಿಗೆ ಬೇರೆ ಜಲಮಾರ್ಗವಾದಾಗ ಆ ಕಾಲುವೆಯೂ ಹಳತಾಯಿತು. ಆದರೆ ಅಷ್ಟರಲ್ಲಿ ಆ ನಗರ ವಿಶ್ವವಿದ್ಯಾಲಯಗಳನ್ನು, ಕೈಗಾರಿಕೆಗಳನ್ನು ಕಟ್ಟಿಕೊಂಡಿತ್ತು. ಗಾತ್ರದಲ್ಲಿ ಉಪ್ಪಿನಂಗಡಿಗೂ ಮಾಂಟ್ರಿಯಲ್‌ಗೂ ಹೋಲಿಕೆಯಿಲ್ಲ. ಹುಟ್ಟಿನ ಕಾರಣದಲ್ಲಿ ಮಾತ್ರ ಎರಡೂ ಒಂದೇ. ಹೊಳೆ ಊರನ್ನು ಹುಟ್ಟಿಸುತ್ತದೆ, ಬೆಳೆಸಬೇಕಾದವರು ಆ ಊರಿನ ಜನ.

ಹೊಳೆ ಉಕ್ಕಿದಾಗ, ಹೊಳೆ ಬತ್ತಿದಾಗ

ಕೊಟ್ಟ ಹೊಳೆಯೇ ಕೆಲವೊಮ್ಮೆ ಕಿತ್ತುಕೊಂಡಿದೆ. 1923ರ ನೆರೆಯನ್ನು ನೇತ್ರಾವತಿ ದಡದ ಊರುಗಳು ತಲೆಮಾರುಗಳ ಕಾಲ ನೆನೆದವು. ಹಿರಿಯರ ಬಾಯಲ್ಲಿ ಇಂದೂ ಕೇಳುವುದು 1974ರ ನೆರೆ. 2019ರ ಆಗಸ್ಟಿನಲ್ಲಿ ಹೊಸ ತಲೆಮಾರು ಅದರ ರುಚಿ ಕಂಡಿತು. ಎರಡು ಹೊಳೆಗಳೂ ಉಕ್ಕಿ ದೇವಸ್ಥಾನದ ಎದುರಿನಲ್ಲೇ ಒಂದಾದರೆ ಇಲ್ಲಿಯವರು ಅದನ್ನು 'ಸಂಗಮ' ಎಂದು ಕರೆಯುತ್ತಾರೆ. ಭಕ್ತರಿಗೆ ಅದು ಪುಣ್ಯದ ಗಳಿಗೆ. ಅದೇ ಹೊತ್ತಿಗೆ ತಗ್ಗಿನ ಮನೆಯವರು ಅಕ್ಕಿಮುಡಿ, ಪುಸ್ತಕ, ಮಕ್ಕಳನ್ನು ಎತ್ತಿಕೊಂಡು ಮೇಲಿನ ಮನೆಗೆ ಹೋಗುತ್ತಾರೆ. ಆ ಮೇಲಿನ ಮನೆ ಯಾರದ್ದು, ಯಾವ ಜಾತಿ, ಯಾವ ಧರ್ಮದ್ದು ಎಂದು ನೆರೆಯ ನೀರು ಕೇಳುವುದಿಲ್ಲ, ಬಾಗಿಲು ತೆರೆದವರೂ ಕೇಳುವುದಿಲ್ಲ.

ಇಂದು ನಮ್ಮ ಮುಂದಿರುವ ಪ್ರಶ್ನೆ ನೆರೆಯದ್ದು ಮಾತ್ರವಲ್ಲ, ಬರದ್ದೂ ಹೌದು. ಕುಮಾರಧಾರೆಗೆ ನೀರು ತರುವ ಗುಂಡ್ಯ ಹೊಳೆಯ ಮೇಲ್ಭಾಗದಲ್ಲಿ ಎತ್ತಿನಹೊಳೆ ಯೋಜನೆ ಇದೆ. 24 ಟಿಎಂಸಿಯಷ್ಟು ನೀರನ್ನು ಪೂರ್ವದ ಒಣಜಿಲ್ಲೆಗಳಿಗೆ ಒಯ್ಯುವುದು ಅದರ ಉದ್ದೇಶ. 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರ್ 6ರಂದು ಅದರ ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ತಾಯಂದಿರ ಬಾಯಾರಿಕೆ ಸುಳ್ಳಲ್ಲ. ಇಲ್ಲಿಯ ತೋಟಗಳ, ತುಂಬೆಯ ಅಣೆಕಟ್ಟಿನ ನೀರನ್ನೇ ನಂಬಿದ ಮಂಗಳೂರಿನ ಆತಂಕವೂ ಸುಳ್ಳಲ್ಲ. ಇದನ್ನು ಘೋಷಣೆಗಳಿಂದ ತೀರ್ಮಾನಿಸಲಾಗದು. ಮಳೆ ಎಷ್ಟು, ಹರಿವು ಎಷ್ಟು, ಬೇಸಗೆಯಲ್ಲಿ ಹೊಳೆಯ ಮಟ್ಟ ಎಲ್ಲಿಗೆ ಇಳಿಯುತ್ತದೆ ಎಂದು ವರ್ಷವರ್ಷವೂ ಬರೆದಿಟ್ಟವರ ಮಾತಿಗೆ ಮಾತ್ರ ಬೆಲೆ ಇರುತ್ತದೆ.

ನಿಮ್ಮ ಕೈಯಲ್ಲಿ ಏನಿದೆ?

ವಿದ್ಯಾರ್ಥಿ ಮಿತ್ರರೇ, ಚರಿತ್ರೆ ಎಂದರೆ ದೆಹಲಿಯ ಸುಲ್ತಾನರು, ವಿಜಯನಗರದ ಅರಸರು ಮಾತ್ರ ಎಂದು ಭಾವಿಸಬೇಡಿ. ಕಂದಾಯ ಎಷ್ಟು ಬಂತೆಂದು ಅಧಿಕಾರಿಗಳು ಬರೆದಿಟ್ಟರು. ದೋಣಿ ನಡೆಸಿದವನ, ಉಪ್ಪಿನ ಮೂಟೆ ಹೊತ್ತವನ ಹೆಸರನ್ನು ಬರೆದವರು ವಿರಳ. ಅವರ ಮೊಮ್ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ, ಅವರ ನೆನಪು ಎಷ್ಟು ಕಾಲ ಉಳಿದೀತು?

ಆದ್ದರಿಂದ ಈ ರಜೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಅಜ್ಜ, ಅಜ್ಜಿ, ಉಪ್ಪಾಪ, ಉಮ್ಮಾಮ ಯಾರಿದ್ದರೂ ಅವರ ಬಳಿ ಕುಳಿತು ಕೇಳಿ. ಹೊಳೆಯಲ್ಲಿ ಕಡವುಗಳು ಎಲ್ಲೆಲ್ಲಿ ಇದ್ದವು? ಅವುಗಳ ಹೆಸರೇನು? 1974ರಲ್ಲಿ ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತು? ಹೊಸಮಠದ ಮುಳುಗು ಸೇತುವೆ ಮುಳುಗಿದ ದಿನ ಶಾಲೆಗೆ ಹೋಗುವುದು ಹೇಗಿತ್ತು? ಕೇಳಿದ್ದನ್ನು ದಿನಾಂಕ ಹಾಕಿ ಒಂದು ನೋಟು ಪುಸ್ತಕದಲ್ಲಿ ಬರೆಯಿರಿ. ನೆರೆಯ ಗುರುತು ಗೋಡೆಯಲ್ಲಿ ಇನ್ನೂ ಕಂಡರೆ ನೆಲದಿಂದ ಅದರ ಎತ್ತರ ಅಳೆಯಿರಿ. ಮನೆಯ ಬಾವಿಯ ನೀರು ಏಪ್ರಿಲಿನಲ್ಲಿ ಎಷ್ಟು ಆಳದಲ್ಲಿದೆ ಎಂದು ಹಗ್ಗ ಇಳಿಸಿ ನೋಡಿ ಬರೆದಿಡಿ.

ಹತ್ತು ವರ್ಷಗಳ ಬಳಿಕ ಹೊಳೆಯ ಬಗ್ಗೆ ಯಾರಾದರೂ ಯಾವುದಾದರೂ ಕಚೇರಿಯಲ್ಲಿ ಕುಳಿತು ತೀರ್ಮಾನ ಮಾಡುವಾಗ, ಆ ನೋಟು ಪುಸ್ತಕವನ್ನು ಮೇಜಿನ ಮೇಲಿಡುವವರು ನೀವಾಗಬೇಕು. ಮುಂದಿನ ಸಲ ನೆಕ್ಕಿಲಾಡಿಯ ಸೇತುವೆ ಬಂದಾಗ ಮೊಬೈಲನ್ನು ಒಂದು ನಿಮಿಷ ಕೆಳಗಿಟ್ಟು ಹೊರಗೆ ನೋಡಿ. ನಿಮ್ಮ ಹಿರಿಯರ ಉಪ್ಪು ಬಂದದ್ದು ಆ ದಾರಿಯಿಂದಲೇ.