ಒಂದು ನೊಗ, ಎರಡು ಶಾಸ್ತ್ರ: ‘ಕಾಂಜುಗೇಷನ್’ ಎಂಬ ಪರಿಭಾಷೆಯ ಚರಿತ್ರೆ

ಸ್ಪ್ಯಾನಿಷ್ ಭಾಷೆಯನ್ನು ಅಭ್ಯಸಿಸುವವರಿಗೆ ಮೊದಲ ಪಾಠಗಳಲ್ಲಿಯೇ ‘ಕಾಂಜುಗೇಷನ್’ ಎಂಬ ಮಾತು ಎದುರಾಗುತ್ತದೆ. ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳಿಗೂ ಅದೇ ಮಾತು ಎದುರಾಗುತ್ತದೆ. ಅಲ್ಲಿ ಅದು ಕ್ರಿಯಾಪದಗಳ ರೂಪಾವಳಿ. ಇಲ್ಲಿ ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ಸಾಗುವ ವಂಶವಾಹಿಗಳ ಪ್ರಸಾರ. ಒಂದೇ ಶಬ್ದವು ಇಷ್ಟು ದೂರದ ಎರಡು ಶಾಸ್ತ್ರಗಳಲ್ಲಿ ನೆಲೆಗೊಂಡ ಬಗೆಯನ್ನೂ ಅದರಿಂದ ಒದಗಿದ ಭ್ರಾಂತಿಯನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಶಬ್ದದ ಮೂಲದಲ್ಲಿರುವುದು ನೊಗ. ಲ್ಯಾಟಿನ್ನಿನ ‘ಯುಗುಂ’ ಮತ್ತು ಸಂಸ್ಕೃತದ ‘ಯುಗ’ ಎಂಬವು ಸೋದರ ಶಬ್ದಗಳು. ಎರಡಕ್ಕೂ ನೊಗವೆಂದೇ ಅರ್ಥ. ಗ್ರೀಕ್ ವೈಯಾಕರಣರು ಕ್ರಿಯಾಪದಗಳ ವರ್ಗವನ್ನು ‘ಒಂದೇ ನೊಗಕ್ಕೆ ಕಟ್ಟಿದುದು’ ಎಂಬರ್ಥದ ‘ಸಿಜಿಗಿಯ’ ಶಬ್ದದಿಂದ ಕರೆದರು. ರೋಮನರು ಅದನ್ನೇ ‘ಕಾನ್ಯುಗಾತಿಯೊ’ ಎಂದು ತಮ್ಮ ಭಾಷೆಗೆ ಇಳಿಸಿಕೊಂಡರು. ಇಲ್ಲಿ ನೊಗವು ಧಾತುವನ್ನು ಪ್ರತ್ಯಯಕ್ಕೆ ಕಟ್ಟುವುದಲ್ಲ. ಸಮಾನ ರೀತಿಯಲ್ಲಿ ರೂಪ ತಾಳುವ ಕ್ರಿಯಾಪದಗಳನ್ನು ಒಂದು ವರ್ಗವಾಗಿ ಕೂಡಿಸುವುದು ಎಂಬುದನ್ನು ಗಮನಿಸಬೇಕು.

1492ರಲ್ಲಿ ಸಾಲಮಾಂಕದಲ್ಲಿ ಆಂತೋನಿಯೊ ದೆ ನೆಬ್ರಿಹನ ಕಾಸ್ಟಿಲಿಯನ್ ವ್ಯಾಕರಣವು ಪ್ರಕಟವಾಯಿತು. ಲ್ಯಾಟಿನ್ನಿನ ನಾಲ್ಕು ವರ್ಗಗಳ ಪೈಕಿ ಎರಡನೆಯದೂ ಮೂರನೆಯದೂ ಸ್ಪೇನಿನ ಜನರ ಮಾತಿನಲ್ಲಿ ಆ ವೇಳೆಗಾಗಲೇ ಒಂದಾಗಿದ್ದವು. ಆದುದರಿಂದ ಅವನು ‘ಆರ್’, ‘ಎರ್’, ‘ಇರ್’ ಎಂದು ಕೊನೆಗೊಳ್ಳುವ ಮೂರೇ ವರ್ಗಗಳನ್ನು ಹೇಳಿದನು. ಮಾತನಾಡುವುದಕ್ಕೆ ‘ಅಬ್ಲಾರ್’, ತಿನ್ನುವುದಕ್ಕೆ ‘ಕೊಮೆರ್’, ಬಾಳುವುದಕ್ಕೆ ‘ಬಿಬಿರ್’. ‘ನಾವು’ ಎಂಬ ಕರ್ತೃವಿಗೆ ಇವು ಕ್ರಮವಾಗಿ ‘ಅಬ್ಲಾಮೊಸ್’, ‘ಕೊಮೆಮೊಸ್’, ‘ಬಿಬಿಮೊಸ್’ ಆಗುತ್ತವೆ. ಶಾಸ್ತ್ರಕಾರನು ಹಳೆಯ ಹೆಸರನ್ನು ಉಳಿಸಿಕೊಂಡರೂ ವರ್ಗಗಳ ಸಂಖ್ಯೆಯನ್ನು ಜನರ ನುಡಿಯಿಂದಲೇ ಪಡೆದನು.

ಇದೇ ಶಬ್ದಕುಲಕ್ಕೆ ಲ್ಯಾಟಿನ್ನಿನಲ್ಲಿ ವಿವಾಹವೆಂಬ ಅರ್ಥವೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಚಿಯ ಎಳೆಗಳೂ ಪ್ಯಾರಮೀಸಿಯಮ್ಮಿನಂಥ ಜೀವಿಗಳೂ ಜೋಡಿಯಾಗಿ ಕೂಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ವಿಜ್ಞಾನಿಗಳು ಆ ಕೂಟಕ್ಕೂ ‘ಕಾಂಜುಗೇಷನ್’ ಎಂದೇ ಹೆಸರಿಟ್ಟರು. 1946ರಲ್ಲಿ ಜೋಷುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಂ ಅವರು ಎಷರಿಕಿಯ ಕೋಲಿ ಬ್ಯಾಕ್ಟೀರಿಯದ ಎರಡು ತಳಿಗಳ ಗುಣಗಳು ಬೆರೆಯುವುದನ್ನು ತೋರಿಸಿದರು. ಮುಂದೆ ಈ ಹೆಸರು ಆ ಕ್ರಿಯೆಗೂ ಸಂದಿತು. 1950ರಲ್ಲಿ ಬರ್ನಾರ್ಡ್ ಡೇವಿಸ್ ಎರಡು ತಳಿಗಳ ನಡುವೆ ಸೂಕ್ಷ್ಮ ಸೋಸುಗಾಜನ್ನಿಟ್ಟು ಪರೀಕ್ಷಿಸಿದಾಗ ಬೆರಕೆ ಕಾಣಲಿಲ್ಲ; ಜೀವಕೋಶಗಳ ಸ್ಪರ್ಶವು ಅವಶ್ಯಕವೆಂದು ಸಿದ್ಧವಾಯಿತು.

ಆದರೆ ವಿವಾಹದ ರೂಪಕವು ಇಲ್ಲಿಂದ ಮುಂದಕ್ಕೆ ಸಾಗದಾಯಿತು. 1952ರಲ್ಲಿ ವಿಲಿಯಂ ಹೇಸ್, ಒಂದು ತಳಿಯು ಕೊಡುವುದೆಂದೂ ಇನ್ನೊಂದು ಪಡೆಯುವುದೆಂದೂ, ಪ್ರಸಾರವು ಏಕಮುಖವೆಂದೂ ತೋರಿಸಿದನು. ಕೊಡುವ ಶಕ್ತಿಗೆ ಕಾರಣವಾದ ಅಂಶವನ್ನು ಪಡೆದ ಕೋಶವು ತಾನೂ ದಾನಿಯಾಗುತ್ತದೆ. ಈ ಕೂಟದಿಂದ ಮರಿಕೋಶ ಹುಟ್ಟುವುದಿಲ್ಲ. ಇದು ಸಂತಾನವಲ್ಲ, ಸಾಂಕ್ರಾಮಿಕಕ್ಕೆ ಹೆಚ್ಚು ಸಮೀಪವಾದುದು.

ಈ ಭೇದವು ಪಂಡಿತರ ವಾಗ್ವಾದಕ್ಕೆ ಮಾತ್ರ ಸೀಮಿತವಲ್ಲ. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಎಂಬ ನಾಲ್ಕು ಔಷಧಗಳಿಗೂ ಜಗ್ಗದ ಆಮಶಂಕೆಯ ರೋಗಾಣುಗಳು 1950ರ ದಶಕದಲ್ಲಿ ಜಪಾನಿನಲ್ಲಿ ಕಾಣಿಸಿಕೊಂಡವು. ಈ ನಿರೋಧಶಕ್ತಿಯು ಎಷರಿಕಿಯ ಕೋಲಿಗೂ ಆಮಶಂಕೆಯ ರೋಗಾಣುವಿಗೂ ನಡುವೆ ಸ್ಪರ್ಶಮಾತ್ರದಿಂದ ಒಟ್ಟಾಗಿಯೇ ಸಾಗಬಲ್ಲುದೆಂದು 1959ರ ಸುಮಾರಿಗೆ ಅಲ್ಲಿನ ಸಂಶೋಧಕರು ಕಂಡುಕೊಂಡರು. ‘ವಿವಾಹ’ವೆಂದು ಬಗೆದವನು ಜಾತಿಯ ಎಲ್ಲೆಯನ್ನು ನಂಬಿ ನಿಶ್ಚಿಂತನಾಗಬಹುದು, ರೋಗಾಣು ಆ ಎಲ್ಲೆಯನ್ನು ಮನ್ನಿಸುವುದಿಲ್ಲ.

ಕನ್ನಡದಲ್ಲಿ ಪಾಠ ಹೇಳುವವರಿಗೆ ಇದರಿಂದ ಒಂದು ಪ್ರಯೋಜನವಿದೆ. ಕೇಶಿರಾಜನ ಶಬ್ದಮಣಿದರ್ಪಣದ ಕಾಲದಿಂದಲೂ ಕ್ರಿಯಾರೂಪಗಳ ವಿಚಾರಕ್ಕೆ ನಮ್ಮಲ್ಲಿ ‘ಆಖ್ಯಾತ’ವೆಂಬ ಸ್ವಂತ ಹೆಸರಿದೆ, ಅಲ್ಲಿ ನೊಗದ ಹಂಗಿಲ್ಲ. ಬ್ಯಾಕ್ಟೀರಿಯದ ಕ್ರಿಯೆಯನ್ನು ‘ಮೈಥುನ’ವೆಂದರೆ ವಿದ್ಯಾರ್ಥಿಯು ಸಂತಾನವನ್ನು ನಿರೀಕ್ಷಿಸುವನು, ‘ಸಂಯುಗ್ಮನ’ವೆಂದರೆ ಕೂಡಿಕೆಯಷ್ಟೇ ತೋರುವುದು. ಪಾರಿಭಾಷಿಕ ಶಬ್ದವನ್ನು ಆರಿಸುವಾಗ ಮೂಲಶಬ್ದದ ವ್ಯುತ್ಪತ್ತಿಗಿಂತ ವಸ್ತುವಿನ ಸ್ವಭಾವವೇ ನಮಗೆ ಪ್ರಮಾಣವಾಗಬೇಕು.