ಮನೆ ಒಂದೂರು, ನೌಕರಿ ಇನ್ನೊಂದೂರು

ನೂರಾರು ಜನರನ್ನು ಸಾವಿರಾರು ಮೈಲಿ ದೂರಕ್ಕೆ ಹೊತ್ತೊಯ್ಯುವ ಪೈಲಟ್, ತಾನು ಕೆಲಸಕ್ಕೆ ಹೋಗುವುದು ಹೇಗೆ? ಅಮೆರಿಕದಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಸೋಜಿಗದ್ದು. ಅಲ್ಲಿ ಎಷ್ಟೋ ಪೈಲಟ್‌ಗಳು ಕೆಲಸಕ್ಕೆ ಹೋಗುವುದೇ ಇನ್ನೊಂದು ವಿಮಾನದಲ್ಲಿ. ಅದೂ ಸೀಟು ಖಾಲಿ ಉಳಿದರೆ. ಮನೆ ಫ್ಲಾರಿಡಾದಲ್ಲಿ, ನೌಕರಿ ನ್ಯೂಯಾರ್ಕಿನಲ್ಲಿ. ನಡುವೆ ಸಾವಿರ ಮೈಲಿ. ಒಮ್ಮೆ ಹೊರಟರೆ ಮೂರು ನಾಲ್ಕು ದಿನ ಹಾರಾಟ, ಆಮೇಲೆ ಕೆಲವು ದಿನ ರಜೆ. ತಿಂಗಳಿಗೆ ನಾಲ್ಕೈದು ಸಲ ಹೋಗಿ ಬಂದರೆ ಸಾಕಾಗುವುದರಿಂದ ಈ ಏರ್ಪಾಟು ಸಾಧ್ಯವಾಗಿದೆ.

ಮೊದಲು ಹೀಗಿರಲಿಲ್ಲ. ಅಮೆರಿಕದ ಅಂಚೆ ಇಲಾಖೆ 1918ರಲ್ಲಿ ವಿಮಾನದಲ್ಲಿ ಟಪಾಲು ಸಾಗಿಸಲು ಆರಂಭಿಸಿದಾಗ, ಪೈಲಟ್ ತನಗೆ ಗೊತ್ತುಮಾಡಿದ ನಿಲ್ದಾಣದ ಊರಿನಲ್ಲೇ ವಾಸಿಸುತ್ತಿದ್ದ. ಒಮಾಹಾ, ಶೈಯೆನ್, ಸಾಲ್ಟ್ ಲೇಕ್ ಸಿಟಿ ಮುಂತಾದ ಊರುಗಳ ನಡುವೆ ಮಾರ್ಗವನ್ನು ತುಂಡು ತುಂಡಾಗಿ ಹಂಚಲಾಗಿತ್ತು. ತನ್ನ ಪಾಲಿನ ತುಂಡನ್ನು ಹಾರಿ ಮುಗಿಸಿ, ಎದುರಿನಿಂದ ಬಂದ ಚೀಲಗಳೊಂದಿಗೆ ಹಿಂದಿರುಗುವುದೇ ಕೆಲಸ. ಪೈಲಟ್‌ನ ಊರನ್ನು ಆರಿಸುತ್ತಿದ್ದುದು ಇಲಾಖೆ, ಅವನಲ್ಲ.

ಆಯ್ಕೆಯ ಹಕ್ಕು ಬಂದದ್ದು ಸೇವಾ ಹಿರಿತನದ ಪಟ್ಟಿಯ ಮೂಲಕ. ಪೈಲಟ್‌ಗಳ ಸಂಘ 1931ರಲ್ಲಿ ಹುಟ್ಟಿತು. ರೈಲ್ವೆ ಕಾರ್ಮಿಕರಿಗೆಂದು ಮಾಡಿದ್ದ ಕಾನೂನು 1936ರಲ್ಲಿ ವಿಮಾನ ಸಂಸ್ಥೆಗಳಿಗೂ ಅನ್ವಯಿಸಿತು. ಕ್ರಮೇಣ, ಪೈಲಟ್‌ನ ಬದುಕಿನ ಬಹುಪಾಲನ್ನು ಒಂದೇ ಒಂದು ಸಂಖ್ಯೆ ನಿರ್ಧರಿಸುವಂತಾಯಿತು: ಕೆಲಸಕ್ಕೆ ಸೇರಿದ ದಿನಾಂಕದ ಪ್ರಕಾರ ಪಟ್ಟಿಯಲ್ಲಿ ಅವನ ಕ್ರಮಾಂಕ. ಯಾವ ವಿಮಾನ, ಎಡಗಡೆಯ ಕ್ಯಾಪ್ಟನ್ ಕುರ್ಚಿಯೋ ಬಲಗಡೆಯದೋ, ಯಾವ ವಾರ ರಜೆ, ಯಾವ ಊರು ನೆಲೆ ಎಲ್ಲವೂ ಅದರ ಪ್ರಕಾರವೇ. ಹಿರಿಯರು ಬಯಸಿದ ಊರು ಅವರಿಗೆ, ಉಳಿದದ್ದು ಕಿರಿಯರಿಗೆ. ಬಾಡಿಗೆ ದುಬಾರಿಯಾದ ನ್ಯೂಯಾರ್ಕ್ ಅನೇಕ ಸಂಸ್ಥೆಗಳಲ್ಲಿ ಹೊಸಬರ ಪಾಲಿಗೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅತಿ ಕಡಿಮೆ ಸಂಬಳದವರಿಗೆ ಅತಿ ದುಬಾರಿ ಊರು!

1978ರ ಅಕ್ಟೋಬರ್‌ನಲ್ಲಿ ವಿಮಾನಯಾನದ ಮೇಲಿದ್ದ ಸರ್ಕಾರಿ ನಿಯಂತ್ರಣವನ್ನು ಸಡಿಲಿಸುವ ಕಾಯಿದೆಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಟಿಕೆಟ್ ಅಗ್ಗವಾಯಿತು, ಪೈಪೋಟಿ ಬೆಳೆಯಿತು. ಎಲ್ಲ ಕಡೆಯಿಂದ ಪ್ರಯಾಣಿಕರನ್ನು ಒಂದು ಊರಿಗೆ ತಂದು, ಅಲ್ಲಿಂದ ಬೇರೆ ಬೇರೆ ಕಡೆ ಹಂಚುವ ‘ಹಬ್’ ವ್ಯವಸ್ಥೆ ಹರಡಿತು. ಆದರೆ ಹಬ್‌ಗಳು ಕಟ್ಟಿದಷ್ಟೇ ಸಲೀಸಾಗಿ ಮುಚ್ಚಿಯೂ ಹೋದವು. ಯುಎಸ್‌ಏರ್ ಸಂಸ್ಥೆಯ ಸಲುವಾಗಿಯೇ ಎಂಬಂತೆ ಪಿಟ್ಸ್‌ಬರ್ಗ್‌ನಲ್ಲಿ 1992ರಲ್ಲಿ ಭವ್ಯವಾದ ಹೊಸ ಟರ್ಮಿನಲ್ ತೆರೆಯಿತು; 2004ರ ಹೊತ್ತಿಗೆ ಆ ಊರು ಹಬ್ ಆಗಿ ಉಳಿಯಲಿಲ್ಲ. ಸೇಂಟ್ ಲೂಯಿಯಲ್ಲಿ 2003ರಲ್ಲಿ ಹಾರಾಟಗಳಿಗೆ ದೊಡ್ಡ ಕತ್ತರಿ ಬಿತ್ತು. ಈಸ್ಟರ್ನ್ ಮತ್ತು ಪ್ಯಾನ್ ಆಮ್ ಎರಡೂ 1991ರಲ್ಲಿ ಮುಳುಗಿದಾಗ ಮಯಾಮಿಯ ಪೈಲಟ್‌ಗಳು ದಿಕ್ಕುಗೆಟ್ಟರು. ಬೇರೆ ಸಂಸ್ಥೆ ಸೇರಿದರೆ, ಇಪ್ಪತ್ತು ವರ್ಷ ಹಾರಿಸಿದವರೂ ಪಟ್ಟಿಯ ತಳದಿಂದ ಆರಂಭಿಸಬೇಕು. ಹೆಂಡತಿಯ ಕೆಲಸ, ಮಕ್ಕಳ ಶಾಲೆ, ಮನೆಯ ಸಾಲ ಮಾತ್ರ ಇದ್ದಲ್ಲೇ ಇರುತ್ತವೆ.

ನೆಲೆಯ ಊರನ್ನು ನಂಬಿ ಮನೆ ಕಟ್ಟಬಾರದು ಎಂಬ ಬುದ್ಧಿ ಪೈಲಟ್‌ಗಳಿಗೆ ಬಂದದ್ದು ಹೀಗೆ. ಹಾಗಾದರೆ ಯಾವ ಊರು? ಇದಕ್ಕೊಂದು ಲೆಕ್ಕಾಚಾರವೇ ಬೆಳೆದಿದೆ. ದಿನಕ್ಕೆ ಎಷ್ಟು ವಿಮಾನಗಳು ನೆಲೆಯ ಊರಿಗೆ ಹೋಗುತ್ತವೆ ಎಂಬುದು ಮೊದಲ ಪ್ರಶ್ನೆ. ಎರಡು ಮೂರು ಸಂಸ್ಥೆಗಳ ವಿಮಾನಗಳಿದ್ದರೆ ಇನ್ನೂ ಒಳ್ಳೆಯದು. ಪ್ರಯಾಣಿಕರ ಸೀಟು ತುಂಬಿದ್ದರೂ ಕಾಕ್‌ಪಿಟ್‌ನಲ್ಲಿರುವ ‘ಜಂಪ್‌ಸೀಟು’ ಎಂಬ ಮಡಚುವ ಆಸನದಲ್ಲಿ ಬೇರೆ ಸಂಸ್ಥೆಯ ಪೈಲಟ್‌ನನ್ನೂ ಕೂರಿಸಿಕೊಳ್ಳುವ ಸಂಪ್ರದಾಯ ಅವರಲ್ಲಿದೆ. ಪ್ರವಾಸಿಗರು ಮುಗಿಬೀಳುವ ಒರ್ಲಾಂಡೊದಂಥ ಊರಾದರೆ ರಜೆಯ ದಿನಗಳಲ್ಲಿ ಸೀಟು ಸಿಗುವುದು ಕಷ್ಟ. ಗಡಿಯಾರವೂ ಲೆಕ್ಕಕ್ಕೆ ಬರುತ್ತದೆ. ಪೂರ್ವದಲ್ಲಿ ಮನೆ, ಪಶ್ಚಿಮದಲ್ಲಿ ನೌಕರಿಯಾದರೆ ಹೋಗುವಾಗ ಮೂರು ಗಂಟೆ ಲಾಭ. ಬೆಳಿಗ್ಗೆ ಹೊರಟವನು ಅದೇ ಮಧ್ಯಾಹ್ನ ಕೆಲಸಕ್ಕೆ ಹಾಜರಾಗಬಹುದು. ಪಶ್ಚಿಮದಲ್ಲಿ ಮನೆಯಿದ್ದು ನ್ಯೂಯಾರ್ಕಿನಲ್ಲಿ ಬೆಳಗಿನ ಹಾರಾಟವಿದ್ದರೆ ಹಿಂದಿನ ದಿನವೇ ಹೊರಡಬೇಕು.

ತೆರಿಗೆಯ ಆಕರ್ಷಣೆ ಬೇರೆ. ವಿಮಾನ ಸಿಬ್ಬಂದಿಯ ಸಂಬಳದ ಮೇಲೆ ವಾಸವಿರುವ ರಾಜ್ಯ, ಇಲ್ಲವೇ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ನಡೆಯುವ ರಾಜ್ಯ ಮಾತ್ರ ತೆರಿಗೆ ಹಾಕಬಹುದೆಂದು ಅಲ್ಲಿನ ಕೇಂದ್ರ ಕಾನೂನು ಹೇಳುತ್ತದೆ. ಫ್ಲಾರಿಡಾ, ಟೆಕ್ಸಾಸ್, ನೆವಾಡಗಳಲ್ಲಿ ಸಂಬಳದ ಮೇಲೆ ರಾಜ್ಯ ತೆರಿಗೆಯೇ ಇಲ್ಲ. ನ್ಯೂಯಾರ್ಕಿನ ನೆಲೆಯಿಂದ ಹತ್ತಾರು ರಾಜ್ಯಗಳ ಮೇಲೆ ಹಾರುವವನಿಗೆ ಫ್ಲಾರಿಡಾದ ವಿಳಾಸ ಏಕೆ ಪ್ರಿಯ ಎಂಬುದು ಇದರಿಂದ ತಿಳಿಯುತ್ತದೆ.

ಈ ಜಾಣತನದ ಇನ್ನೊಂದು ಮುಖ ನೆಲೆಯ ಊರಿನಲ್ಲಿ ಕಾಣಿಸುತ್ತದೆ. ಮನೆಗೆ ಹಿಂದಿರುಗಲಾಗದ ರಾತ್ರಿಗಳಿಗೆಂದು ಹಲವರು ಸೇರಿ ಬಾಡಿಗೆಗೆ ಹಿಡಿಯುವ ಕೋಣೆಗಳಿಗೆ ‘ಕ್ರ್ಯಾಶ್ ಪ್ಯಾಡ್’ ಎಂದು ಹೆಸರು. ಒಂದರ ಮೇಲೊಂದು ಮಂಚ. ಒಬ್ಬ ಎದ್ದು ಹೋದ ಹಾಸಿಗೆಯಲ್ಲಿ ಇನ್ನೊಬ್ಬ. ನ್ಯೂಯಾರ್ಕಿನ ಎರಡು ವಿಮಾನ ನಿಲ್ದಾಣಗಳಿಗೆ ಹತ್ತಿರವಿರುವ ಕ್ಯೂ ಗಾರ್ಡನ್ಸ್ ಬಡಾವಣೆಗೆ, ವಿಮಾನ ಸಿಬ್ಬಂದಿ ತುಂಬಿಕೊಂಡಿದ್ದರಿಂದ, ‘ಕ್ರೂ ಗಾರ್ಡನ್ಸ್’ ಎಂಬ ಅಡ್ಡಹೆಸರೇ ಬಿದ್ದಿದೆ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ವಾಹನ ನಿಲುಗಡೆ ಜಾಗದಲ್ಲಿ, ಸಂಚಾರಿ ಮನೆಗಳಲ್ಲೇ ತಂಗುತ್ತಿದ್ದ ಪೈಲಟ್‌ಗಳ ಸುದ್ದಿ 2009ರಲ್ಲಿ ಪತ್ರಿಕೆಗಳಲ್ಲಿ ಬಂತು.

ಕ್ರ್ಯಾಶ್ ಪ್ಯಾಡ್‌ನ ಬಾಡಿಗೆಯೂ ಎಲ್ಲರಿಗೂ ಎಟುಕುವುದಿಲ್ಲ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ ಸಂಸ್ಥೆಯ 3407ನೇ ವಿಮಾನ ಇಳಿಯುವ ಮುನ್ನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ಸತ್ತರು. ತನಿಖೆ ನಡೆದಾಗ ಜನರಿಗೆ ತಿಳಿದದ್ದು ಇದು: ಸಹಪೈಲಟ್ ಯುವತಿಯ ಮನೆಯಿದ್ದುದು ಸಿಯಾಟಲ್ ಬಳಿ, ದೇಶದ ಇನ್ನೊಂದು ತುದಿಯಲ್ಲಿ. ಹಿಂದಿನ ಸಂಜೆ ಸರಕು ವಿಮಾನವೊಂದರಲ್ಲಿ ಮೆಂಫಿಸ್‌ಗೆ, ಅಲ್ಲಿಂದ ನಡುರಾತ್ರಿ ಕಳೆದ ಮೇಲೆ ಇನ್ನೊಂದರಲ್ಲಿ ನ್ಯೂವಾರ್ಕ್‌ಗೆ ಬಂದು ಬೆಳಿಗ್ಗೆ ಸುಮಾರು ಆರೂವರೆಗೆ ಆಕೆ ಇಳಿದಿದ್ದರು. ಫ್ಲಾರಿಡಾದ ಟ್ಯಾಂಪಾ ಕಡೆಯವರಾದ ಕ್ಯಾಪ್ಟನ್ ಆ ಹಿಂದಿನ ರಾತ್ರಿಯನ್ನು ಕಳೆದದ್ದು ನಿಲ್ದಾಣದ ಸಿಬ್ಬಂದಿ ಕೊಠಡಿಯಲ್ಲಿ. ಆ ಸಂಸ್ಥೆಯ ನ್ಯೂವಾರ್ಕ್ ನೆಲೆಯ 137 ಪೈಲಟ್‌ಗಳಲ್ಲಿ 93 ಮಂದಿ ಹೀಗೆ ಪರಊರುಗಳಿಂದ ಬಂದು ಹೋಗುವವರೇ ಆಗಿದ್ದರು.

ವೇಗ ಕುಸಿದಾಗ ಬಂದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದ್ದೇ ಕಾರಣ ಎಂದು ತನಿಖಾ ಮಂಡಳಿ ತೀರ್ಮಾನಿಸಿತು. ಇಬ್ಬರೂ ದಣಿದಿದ್ದಿರಬೇಕು, ಆದರೆ ಆ ದಣಿವು ಎಷ್ಟರಮಟ್ಟಿಗೆ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂದಿತು. ಸತ್ತವರ ಕುಟುಂಬಗಳು ಪಟ್ಟು ಬಿಡಲಿಲ್ಲ. 2010ರಲ್ಲಿ ಕಾಯಿದೆ ಬಂತು. ಪೈಲಟ್‌ಗಳ ಈ ದೂರಪ್ರಯಾಣದ ಅಧ್ಯಯನಕ್ಕೆ ತಜ್ಞರ ಸಮಿತಿಯೂ ನೇಮಕವಾಯಿತು. ನಿಯಮ ಮಾಡಲು ಸಾಕಷ್ಟು ಮಾಹಿತಿ ಇಲ್ಲವೆಂದು ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಯ ಹೊಸ ನಿಯಮಗಳು 2014ರ ಜನವರಿಯಿಂದ ಜಾರಿಯಾದವು. ಕರ್ತವ್ಯಕ್ಕೆ ಮುನ್ನ ಹತ್ತು ಗಂಟೆ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶ ಕಡ್ಡಾಯ. ಆದರೆ ಮನೆಯಿಂದ ನೆಲೆಗೆ ಬರುವ ಪ್ರಯಾಣ ಕರ್ತವ್ಯದ ಲೆಕ್ಕಕ್ಕೆ ಸೇರಲಿಲ್ಲ. ತಾನು ದಣಿದಿಲ್ಲವೆಂದು ಪ್ರತಿ ಹಾರಾಟಕ್ಕೂ ಮುನ್ನ ಪೈಲಟ್ ತಾನೇ ದೃಢಪಡಿಸಬೇಕು. ಸರಕು ವಿಮಾನಗಳ ಪೈಲಟ್‌ಗಳಿಗಂತೂ ಈ ಹೊಸ ನಿಯಮಗಳನ್ನು ಕಡ್ಡಾಯ ಮಾಡಲೇ ಇಲ್ಲ.