ದಕ್ಷಿಣ ಆಫ್ರಿಕದ ದಿಗ್ಬಂಧನ

ದಕ್ಷಿಣ ಆಫ್ರಿಕದ ಮೇಲೆ ಮೊಟ್ಟಮೊದಲು ವ್ಯಾಪಾರ ದಿಗ್ಬಂಧನ ಹಾಕಿದ ದೇಶ ಯಾವುದು? ನಮ್ಮ ಮಕ್ಕಳನ್ನು ಕೇಳಿದರೆ ಅಮೆರಿಕ ಎಂದಾರು. ಅಲ್ಲ, ಭಾರತ, ಅದೂ 1946ರಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು. ಭಾರತೀಯರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂದು ಗೆರೆ ಎಳೆಯುವ ಕಾನೂನನ್ನು ಅಲ್ಲಿನ ಜನರಲ್ ಸ್ಮಟ್ಸರ ಸರಕಾರ ತಂದಿತ್ತು. ಭಾರತ ವ್ಯಾಪಾರ ನಿಲ್ಲಿಸಿತು, ದೂರನ್ನು ವಿಶ್ವಸಂಸ್ಥೆಗೂ ಒಯ್ದಿತು. ವಿಜಯಲಕ್ಷ್ಮಿ ಪಂಡಿತರ ವಾದಕ್ಕೆ ಸ್ಮಟ್ಸರ ಉತ್ತರ, ಇದು ನಮ್ಮ ಆಂತರಿಕ ವಿಷಯ ಎಂಬುದು. (ವಿಶ್ವಸಂಸ್ಥೆಯ ಸನ್ನದಿಗೆ ಪೀಠಿಕೆ ಬರೆಯುವುದರಲ್ಲಿ ಇದೇ ಮಹಾಶಯರ ಕೈಯಿತ್ತು!) ಭಾರತದ ಕಡೆ 32 ಮತ ಬಿದ್ದವು, ವಿರುದ್ಧ 15.

ಗೆದ್ದದ್ದೇನೋ ಸರಿ. ದೊಡ್ಡ ದೇಶಗಳು ಚಿನ್ನ, ವಜ್ರ ಕೊಳ್ಳುತ್ತಲೇ ಇದ್ದವು. 1948ರಿಂದ ವರ್ಣಭೇದ ಇನ್ನಷ್ಟು ಬಿಗಿಯಾಯಿತು.

ವೈದ್ಯರಾದ ನಮ್ಮನ್ನು ಕಾಡುವ ವರ್ಷ 1977. ಸ್ಟೀವ್ ಬೀಕೋ ಹುಟ್ಟಿದ್ದು ಭಾರತ ದಿಗ್ಬಂಧನ ಹಾಕಿದ ವರ್ಷವೇ. ಒಮ್ಮೆ ವೈದ್ಯಕೀಯ ವಿದ್ಯಾರ್ಥಿಯೂ ಆಗಿದ್ದವರು. ಪೊಲೀಸರ ಕೈಯಲ್ಲಿ ತಲೆಗೆ ಪೆಟ್ಟಾಯಿತು. ನೋಡಿದ ಇಬ್ಬರು ವೈದ್ಯರಲ್ಲಿ ಒಬ್ಬರು, ಏನೂ ತೊಂದರೆ ಕಾಣಲಿಲ್ಲ ಎಂದು ಬರೆದುಕೊಟ್ಟರು. ಬಟ್ಟೆಯೂ ಇಲ್ಲದೆ ಲ್ಯಾಂಡ್ ರೋವರಿನಲ್ಲಿ ಮಲಗಿಸಿ, ಪೋರ್ಟ್ ಎಲಿಜಬೆತ್‌ನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪ್ರಿಟೋರಿಯಾಕ್ಕೆ ಸಾಗಿಸಿದರು. ಸೆಪ್ಟೆಂಬರ್ 12ರಂದು ತೀರಿಕೊಂಡರು. ವಯಸ್ಸು 30.

ಎರಡು ತಿಂಗಳೊಳಗೆ ಭದ್ರತಾ ಮಂಡಳಿ, ಆ ದೇಶಕ್ಕೆ ಯಾರೂ ಶಸ್ತ್ರ ಮಾರಕೂಡದೆಂದು ಕಟ್ಟುಮಾಡಿತು. ನಮ್ಮ ವೃತ್ತಿಯವರದೇ ಬೇರೆ ದಾರಿ: ವಿಶ್ವ ವೈದ್ಯಕೀಯ ಸಂಘ 1981ರಲ್ಲಿ ಅಲ್ಲಿನ ವೈದ್ಯರ ಸಂಘವನ್ನು ಮರಳಿ ಸೇರಿಸಿಕೊಂಡಿತು. ಆ ದೇಶದವರೇ ಆದ ನರರೋಗ ತಜ್ಞೆ ಫ್ರಾನ್ಸಿಸ್ ಏಮ್ಸ್ ಮತ್ತು ಸಂಗಡಿಗರು ಕೋರ್ಟು ಹತ್ತಿದ ಮೇಲೆಯೇ, 1985ರಲ್ಲಿ, ಆ ಇಬ್ಬರ ಮೇಲೆ ಕ್ರಮವಾದದ್ದು.

ಸರಕಾರಕ್ಕೆ ನಿಜವಾಗಿ ನೋವಾದದ್ದೂ 1985ರಲ್ಲೇ. ಚೇಸ್ ಮ್ಯಾನ್‌ಹಟನ್ ಬ್ಯಾಂಕು ಹಳೆಯ ಸಾಲವನ್ನು ಮುಂದುವರಿಸಲಿಲ್ಲ, ಬೇರೆ ಬ್ಯಾಂಕುಗಳು ಹಿಂಬಾಲಿಸಿದವು. ರ್‍ಯಾಂಡ್ ಕುಸಿದು ಷೇರು ಪೇಟೆಯನ್ನೇ ಕೆಲದಿನ ಮುಚ್ಚಬೇಕಾಯಿತು. ಮರುವರ್ಷ ರೇಗನ್ನರ ವಿಟೋವನ್ನು ತಳ್ಳಿಹಾಕಿ ಅಮೆರಿಕದ ಕಾಂಗ್ರೆಸ್ ದಿಗ್ಬಂಧನದ ಕಾನೂನು ಮಾಡಿತು. ಇದರಿಂದಲೇ 1990ರಲ್ಲಿ ಮಂಡೇಲಾ ಹೊರಬಂದರು ಎನ್ನಲಾರೆವು. ಬೀದಿಗಿಳಿದ ಜನ, ಮುಷ್ಕರ ಹೂಡಿದ ಕಾರ್ಮಿಕರು ಇಲ್ಲದಿದ್ದರೆ ಬ್ಯಾಂಕಿನವರಿಗೆ ಭಯವೇ ಹುಟ್ಟುತ್ತಿರಲಿಲ್ಲ.

ಭಾರತ ತನ್ನ ದಿಗ್ಬಂಧನ ತೆಗೆದದ್ದು 1993ರಲ್ಲಿ. ಅವರ ಕ್ರಿಕೆಟ್ ತಂಡ ಮಾತ್ರ ಅಷ್ಟು ಕಾಯದೆ, 1991ರ ನವೆಂಬರಿನಲ್ಲೇ ಕಲ್ಕತ್ತೆಗೆ ಬಂದು ಆಡಿ ಹೋಯಿತು.